ಸುಣ್ಣ ಬಳಿದ ಗೋಣಿ

1983ರ ಆಗಸ್ಟ್ 17, ಬುಧವಾರ ಬೆಳಿಗ್ಗೆ ಮಲ್ಪೆ ಠಾಣೆಗೆ ಬಂದ ದೂರಿನಲ್ಲಿ ಆರೋಪಿಯ ಹೆಸರು ಆಗಲೇ ಇತ್ತು. ದೂರುದಾರ ಡೊಮಿನಿಕ್, ಬಂದರಿನ ಬಳಿಯ ಒಂದು ಐಸ್ ಪ್ಲಾಂಟಿನ ಮೇಲ್ವಿಚಾರಕ. ಹಿಂದಿನ ದಿನ ಮಧ್ಯಾಹ್ನ ಐಸ್ ದಾಸ್ತಾನಿಗೆಂದು ಕಟ್ಟಿದ ಹೊಸ ಕೋಣೆಗೆ ಬೆಂಕಿ ಬಿದ್ದಿತ್ತು. ಒಳಗಿದ್ದ ಕೆಲಸಗಾರ ಅಣ್ಣು ಸುಟ್ಟಗಾಯಗಳೊಂದಿಗೆ ಮಣಿಪಾಲದ ಆಸ್ಪತ್ರೆಯಲ್ಲಿದ್ದ. ಅವನು ಬೀಡಿ ಹಚ್ಚಿದ್ದೇ ಕಾರಣ ಎಂದು ದೂರು.

"ಹಚ್ಚಿದ್ದನ್ನು ಕಂಡಿರಾ?" ಸಬ್ ಇನ್ಸ್‌ಪೆಕ್ಟರ್ ಸಯೀದ್ ಕೇಳಿದರು.

"ಬೇರೆ ಎಂತ ಕಾರಣ ಉಂಟು ಸರ್? ಅವನ ಹತ್ತಿರ ಬೆಂಕಿಪೆಟ್ಟಿಗೆ ಇತ್ತು."

ಅಣ್ಣುವಿನ ಮೇಲೆ ಎಫ್‌ಐಆರ್ ದಾಖಲಾಯಿತು. ಜೀಪು ಹೊರಡುವಾಗ ಒಬ್ಬ ಹೆಂಗಸು ಗೇಟಿಗೆ ಅಡ್ಡ ನಿಂತಿದ್ದಳು. ಅಣ್ಣುವಿನ ಹೆಂಡತಿ ಚಂಪಾ.

"ನಮ್ಮವರು ಬೀಡಿ ಸೇದುವವರಲ್ಲ ಸರ್. ಎಲೆಯಡಿಕೆ ಜಗಿಯುತ್ತಾರೆ, ಅದಕ್ಕೆ ದಿನಾ ನನ್ನ ಹತ್ತಿರ ಬೈಸಿಕೊಳ್ಳುತ್ತಾರೆ. ಈಗ ಮೀನು ಇಳಿಸುವ ದಕ್ಕೆಗೆ ಹೋದರೆ ಪ್ಲಾಂಟ್ ಸುಟ್ಟವನ ಹೆಂಡತಿ ಅನ್ನುತ್ತಾರೆ. ಅವರಿಗೆ ಮಾತಾಡಲಿಕ್ಕೆ ಗಂಟಲೂ ಉಳಿದಿಲ್ಲ. ನಾಳೆ ಬದುಕಿ ಬಂದರೂ ಯಾವ ಮುಖದಲ್ಲಿ ಈ ಊರಲ್ಲಿ ಇರುವುದು?"

ಸಯೀದ್ ಅವಳ ಹೆಸರು, ವಿಳಾಸ ಬರೆದುಕೊಳ್ಳಲು ಕಾನ್‌ಸ್ಟೇಬಲ್ ದೇವದಾಸನಿಗೆ ಹೇಳಿದರು.

ಪಂಚನಾಮೆ ಹನ್ನೊಂದೂವರೆಗೆ ಶುರುವಾಯಿತು. ಹೊಸ ಕೋಣೆಯ ಕೆಂಪು ಕಲ್ಲಿನ ಗೋಡೆ ಬೋಳಾಗಿತ್ತು. ಶೀತ ಹೊರಗೆ ಹೋಗದಂತೆ ಗೋಡೆಗೆ ಅಂಟಿಸಿದ್ದ ಥರ್ಮೋಕೋಲ್ ಹಲಗೆಗಳು ಕರಗಿ, ನೆಲದ ಮೇಲೆ ಕಪ್ಪು ಪದರವಾಗಿ ಗಟ್ಟಿಯಾಗಿದ್ದವು.

"ಇದು ಎಂತ ಸರ್, ಗೋಡೆ ಬೆವರಿದ ಹಾಗೆ," ಎಂದ ದೇವದಾಸ.

"ಹಲಗೆಯ ಮೇಲೆ ಏನಿತ್ತು?" ಸಯೀದ್ ಡೊಮಿನಿಕನನ್ನು ಕೇಳಿದರು.

"ಜಾಲರಿ ಹೊಡೆದು ಸಿಮೆಂಟ್ ಗಾರೆ ಹಾಕಿಸಿದ್ದೆ."

"ಜಾಲರಿ ಎಲ್ಲಿ?"

ಡೊಮಿನಿಕ್ ನೆಲ ನೋಡಿದ. "ಸುಟ್ಟು ಹೋಗಿರಬೇಕು."

ಕಬ್ಬಿಣ ಸುಟ್ಟು ಹೋಗುವುದಿಲ್ಲ. ಗಾರೆಯ ಒಂದು ಚೂರೂ ಸಿಗಲಿಲ್ಲ. ಬಾಗಿಲ ಸಂದಿಯಲ್ಲಿ ಅಂಗೈಯಗಲದ ಗೋಣಿತಟ್ಟು ಅರ್ಧ ಉರಿದು ಉಳಿದಿತ್ತು, ಒಂದು ಮೈಗೆ ಸುಣ್ಣ. ಕೋಣೆ ತಣಿಸುವ ಅಮೋನಿಯಾ ಗ್ಯಾಸಿನ ಕೊಳವೆಗಳ ಕೆಳಗೆ ಮೊಳದುದ್ದದ ಕಬ್ಬಿಣದ ಸರಿಗೆ ಬಿದ್ದಿತ್ತು. ತುದಿಯಲ್ಲಿ ಕರಕಲು ಬಟ್ಟೆಯ ಸುತ್ತು. ಎರಡನ್ನೂ ಪಂಚರ ಎದುರು ವಶಕ್ಕೆ ತೆಗೆದುಕೊಳ್ಳಲಾಯಿತು.

ಪಕ್ಕದಲ್ಲಿ ಹಳೆಯ ದಾಸ್ತಾನು ಕೋಣೆ. ಅದರ ಜೋಡಿ ಗೋಡೆಗಳ ನಡುವೆ ಶೀತ ಹಿಡಿದಿಡಲು ಭತ್ತದ ಉಮಿ ತುಂಬಿತ್ತು. ಒಳಬಾಗಿಲಲ್ಲಿ ಅಂಥದೇ ಸರಿಗೆ ತೂಗುತ್ತಿತ್ತು.

"ಇದು ಯಾಕೆ?"

"ಅಮೋನಿಯಾ ಸೋರುತ್ತದಾ ನೋಡಲಿಕ್ಕೆ. ಗಂಧಕದ ಬತ್ತಿ."

"ತೋರಿಸಿ."

ಡೊಮಿನಿಕ್ ಬತ್ತಿ ಹಚ್ಚಿ ಕೊಳವೆಯ ಬೆಸುಗೆಗಳ ಉದ್ದಕ್ಕೂ ಹಿಡಿದುಕೊಂಡು ಹೋದ. ಸೋರುವಲ್ಲಿ ಬಿಳಿ ಹೊಗೆ ಏಳುತ್ತದೆ ಎಂದ. ಇಪ್ಪತ್ತು ವರ್ಷದ ಅಭ್ಯಾಸದ ಕೈ. ಉರಿಯುವ ಗಂಧಕದ ಹನಿಯೊಂದು ಸಿಮೆಂಟ್ ಗೋಡೆಯ ಮೇಲೆ ಬಿದ್ದು ಆರಿತು.

"ನಿನ್ನೆ ಹೊಸ ಕೋಣೆಯ ಕೊಳವೆಗೆ ಮೊದಲ ಸಲ ಗ್ಯಾಸ್ ಬಿಟ್ಟಿರಿ ಅಂತ ಕೆಲಸದವರು ಹೇಳಿದರು. ಬತ್ತಿ ಹಿಡಿದವರು ಯಾರು?"

ಡೊಮಿನಿಕ್ ಬತ್ತಿಯನ್ನು ನೀರಿಗೆ ಅದ್ದಿದ.

ಮಧ್ಯಾಹ್ನ ಜೀಪು ಕಾಪುವಿಗೆ ಹೋಯಿತು. ಪ್ಲಾಂಟಿಗೆ ಗಾರೆ ಕೆಲಸ ಮಾಡುವ ಕಬೀರ್ ಅಲ್ಲಿನ ತನ್ನ ಮನೆಯಲ್ಲೇ ಇದ್ದ. ಅವನ ಜಗಲಿಯಲ್ಲಿ ಜಾಲರಿಯ ಸುರುಳಿಗಳನ್ನು ಬಿಚ್ಚದೆ ಒರಗಿಸಿಟ್ಟಿದ್ದರು.

"ಪ್ಲಾಂಟಿನದ್ದಾ?"

"ಹೌದು ಸರ್. ಈಗ ಬೇಡ, ಚೌತಿ ಕಳೆದು ಬಾ ಅಂದ್ರು ಡೊಮಿನಿಕ್. ಮಳೆಗಾಲದಲ್ಲಿ ಗಾರೆ ಬೇಗ ಒಣಗುವುದಿಲ್ಲ ಅಲ್ವಾ. ದೋಣಿ ಕಡಲಿಗೆ ಇಳಿಯುವ ಮೊದಲು ಕೋಣೆ ತಣ್ಣಗಾಗಬೇಕಂತೆ."

"ಹಲಗೆಯನ್ನು ಗಾರೆ ಇಲ್ಲದೆ ಬಿಡಬಾರದು ಅಂತ ಅವರಿಗೆ ಗೊತ್ತಿತ್ತಾ?"

"ನನಗೆ ಹೇಳಿಕೊಟ್ಟದ್ದೇ ಅವರು! ಒಂದು ಥರ್ಮೋಕೋಲ್ ತುಂಡಿಗೆ ಕಡ್ಡಿ ಗೀರಿ ತೋರಿಸಿದ್ರು. ಭರ್ರನೆ ಹತ್ತಿಕೊಂಡಿತು. ನಾನು ಹೆದರಿ ಹಿಂದೆ ಸರಿದರೆ, ಗಡ್ಡ ಉಂಟಲ್ಲ ಕಬೀರ್, ದೂರ ನಿಲ್ಲು ಅಂತ ತಮಾಷೆ ಮಾಡಿದ್ರು."

ಸಂಜೆ ಮಣಿಪಾಲದಲ್ಲಿ ನರ್ಸ್ ಸಿಸಿಲಿಯಾ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಟ್ಟರು. ಸಯೀದ್ ಸುಣ್ಣದ ಗೋಣಿತಟ್ಟನ್ನು ಎತ್ತಿ ಹಿಡಿದರು.

"ಅಣ್ಣು, ಗೋಡೆಯ ಮೇಲೆ ಇದ್ದದ್ದು ಗಾರೆ ಅಂದುಕೊಂಡಿದ್ದೆಯಾ? ಹೌದಾದರೆ ಕಣ್ಣು ಮುಚ್ಚು."

ಅಣ್ಣು ಕಣ್ಣು ಮುಚ್ಚಿದ.

"ಗಂಧಕದ ಬತ್ತಿ ಹಿಡಿಯಲು ಡೊಮಿನಿಕ್ ಹೇಳಿದರಾ?"

ಮತ್ತೆ ಮುಚ್ಚಿದ. ತೆರೆದಾಗ ಗೋಣಿತಟ್ಟನ್ನೇ ನೋಡುತ್ತಿದ್ದ. ಚಂಪಾ ಮಂಚದ ಕಾಲು ಹಿಡಿದು ಕುಳಿತಿದ್ದಳು. "ಬೀಡಿ ಅಲ್ಲ ಅಂತ ಬರೆಯಿರಿ ಸರ್," ಎಂದಳು. ಡಾಕ್ಟರ ಎದುರಿನಲ್ಲಿ ಹಾಗೆಯೇ ಬರೆಯಲಾಯಿತು.

ಮರುದಿನ ಬೆಳಿಗ್ಗೆ ಡೊಮಿನಿಕನನ್ನು ಬಂಧಿಸಿದರು. ಅಣ್ಣುವಿನ ಹೆಸರು ಆರೋಪಿಯ ಜಾಗದಿಂದ ತೆಗೆಯಲ್ಪಟ್ಟಿತು. ಸುಳ್ಳು ದೂರಿನ ಬಗ್ಗೆ ನ್ಯಾಯಾಲಯಕ್ಕೆ ಬೇರೆ ವರದಿ ಹೋಯಿತು. ಡೊಮಿನಿಕ್ ಏನನ್ನೂ ಅಲ್ಲಗಳೆಯಲಿಲ್ಲ.

ಹಿಂದಿನ ವರ್ಷ ಎರಡು ದಿನ ಕರೆಂಟು ಹೋದಾಗ ಹಳೆಯ ಕೋಣೆಯ ಐಸು ಕರಗಿತ್ತು. ಬೋಟಿನವರು ಅವನನ್ನು ನೀರು ಡೊಮಿನಿಕ್ ಎಂದು ಕರೆಯತೊಡಗಿದ್ದರು. ಇಗರ್ಜಿಯ ಮೆಟ್ಟಿಲಲ್ಲೂ ಯಾರೋ, "ಒಂದು ಕೊಡ ನೀರು ಕೊಡಿ ಮಾರಾಯ್ರೆ," ಎಂದು ಕೇಳಿದ್ದರಂತೆ. ಕರೆಂಟು ಇಲ್ಲದೆಯೂ ಶೀತ ಹಿಡಿದಿಡುವ ಗೋಡೆ ಅವನಿಗೆ ಈ ಸೀಸನ್ನಿಗೇ ಬೇಕಾಗಿತ್ತು.

"ಗಾರೆಯ ಹಾಗೆ ಕಾಣಲಿ ಅಂತ ಸುಣ್ಣದ ಗೋಣಿ ಕಟ್ಟಿದಿರಿ. ಬೀಡಿ ಅಂತ ಯಾಕೆ ಬರೆಸಿದಿರಿ?" ಸಯೀದ್ ಕೇಳಿದರು.

"ಅವನು ಉಳಿಯುವುದಿಲ್ಲ ಅಂದುಕೊಂಡೆ ಸರ್."

ಉಡುಪಿಯ ಕೋರ್ಟಿಗೆ ಹೋಗುವ ದಾರಿಯಲ್ಲಿ ಬೇರೆ ಪ್ಲಾಂಟಿನ ಐಸು ಹೊತ್ತ ಲಾರಿಯೊಂದು ಎದುರಾಯಿತು, ಹಿಂದೆ ನೀರು ಸುರಿಸುತ್ತಾ. ಜೀಪಿನಲ್ಲಿ ಯಾರೂ ನಗಲಿಲ್ಲ. ಡೊಮಿನಿಕ್ ಕತ್ತು ತಿರುಗಿಸಿ, ರಸ್ತೆಯ ಮೇಲಿನ ಒದ್ದೆ ಗೆರೆಯನ್ನು ಕಾಣುವಷ್ಟು ದೂರ ನೋಡಿದ.