ನಿರಾಳಮಾಪಕ ಮತ್ತು ಸೊಸೈಟಿಯ ನಡಾವಳಿ

ಸರ್ವಮಂಗಳಮ್ಮನ ಮಣಿಕಟ್ಟಿನ ನಿರಾಳಮಾಪಕ ಕೀಂ ಎಂದಿತು. ಚಾಲಕನಿಲ್ಲದ ಕಾರು ಕೂಡಲೇ ಕಡಲಿನ ರಸ್ತೆ ಬಿಟ್ಟು ಇನ್ನೊಂದು ಉದ್ಯಾನದತ್ತ ತಿರುಗಿತು. ಬೆಳಗಿನಿಂದ ಮುಂಬಯಿಯಲ್ಲಿ ಅವರು ನೋಡಿದ್ದೆಲ್ಲ ಉದ್ಯಾನಗಳೇ.

ಯಂತ್ರದ ತತ್ತ್ವ ಸರಳ. ಮಹಾನಗರ ನೋಡಲು ಬಂದ ಗಂಡಹೆಂಡಿರು ದಣಿದು, ಹಸಿದು, ಒಬ್ಬರ ಮೇಲೊಬ್ಬರು ಹರಿಹಾಯುವುದು ಲೋಕರೂಢಿ. ಅದನ್ನು ತಪ್ಪಿಸಲೆಂದು ಡಾ. ಭಾರ್ಗವ ತೊರವಿ ಎಂಬ ಪಂಡಿತರು ನಾಡಿ, ಬೆವರು, ಉಸಿರುಗಳನ್ನು ಅಳೆಯುವ, ಸುತ್ತಲಿನ ಸದ್ದನ್ನೂ ದಾಖಲಿಸಿಕೊಳ್ಳುವ ಈ ಪಟ್ಟಿಯನ್ನು ಕಂಡುಹಿಡಿದಿದ್ದರು. ಎದೆಬಡಿತ ಏರಿದರೆ ನಿರಾಳ ಕೆಟ್ಟಿತೆಂದು ಲೆಕ್ಕ. ಕೆಡಿಸಿದ್ದು ಯಾವುದೋ ಅದರಿಂದ ಕಾರು ದೂರ ಒಯ್ಯುತ್ತಿತ್ತು. ಪ್ರವಾಸಿಗಳಿಗೆ ಬೇರೆ ವಾಹನವೂ ಇರಲಿಲ್ಲ. ಸಂತೋಷಕ್ಕೂ ಎದೆ ಬಡಿದುಕೊಳ್ಳುತ್ತದೆ ಎಂಬುದು ಆ ಮಹಾಶಯರಿಗೆ ಹೊಳೆದಿರಲಿಲ್ಲ. ಅವರಿಗೆ ಅಂಥ ಸಂದರ್ಭವೇ ಒದಗಿರಲಿಲ್ಲವೇನೋ.

ಸರ್ವಮಂಗಳಮ್ಮ ಚಳ್ಳಕೆರೆಯವರು. ಶಾಲೆಯ ಕಾರವಾರ ಪ್ರವಾಸಕ್ಕೆ ಹೊರಟಾಗ ಅಪ್ಪ, ಹೆಣ್ಣುಮಗಳಿಗೆ ಎಂಥ ಸಮುದ್ರ ಎಂದು ಗದರಿ ಕೂರಿಸಿದ್ದರು. ಅರವತ್ತು ಹತ್ತಿರವಾದರೂ ಅವರು ಕಡಲು ಕಂಡಿರಲಿಲ್ಲ. ಇಂದು ಸಂಜೆಯ ರೈಲಿಗೆ ಮೊದಲು ನೋಡದಿದ್ದರೆ ಇನ್ನು ಈ ಜನ್ಮದಲ್ಲಿ ಆಗದೆಂದು ಅವರಿಗೆ ಗೊತ್ತಿತ್ತು. ಆದರೆ ಕಡಲು ಹತ್ತಿರವಾದಂತೆ ಎದೆ ಡವಗುಟ್ಟುತ್ತಿತ್ತು, ಎದೆ ಡವಗುಟ್ಟಿದಂತೆ ಕಡಲು ದೂರವಾಗುತ್ತಿತ್ತು. ಪತಿ ಓಂಕಾರಪ್ಪ, ಸಹಕಾರಿ ಸೊಸೈಟಿಯ ನಿವೃತ್ತ ಕಾರ್ಯದರ್ಶಿ, ತಮ್ಮ ಪಟ್ಟಿ ಒಮ್ಮೆಯೂ ಸದ್ದು ಮಾಡಲಿಲ್ಲವೆಂದು ಬೀಗುತ್ತಿದ್ದರು. ಬಂಡೆಗೆ ಕಟ್ಟಿದ್ದರೂ ಅದು ಸದ್ದು ಮಾಡುತ್ತಿರಲಿಲ್ಲ.

ಮಧ್ಯಾಹ್ನ ಕಾರು ದೊಡ್ಡ ಹೋಟೆಲಿಗೆ ಕರೆದೊಯ್ದು ಉಪ್ಪುಖಾರವಿಲ್ಲದ ತರಕಾರಿ ಗಂಜಿ ಕೊಡಿಸಿತು. ಸರ್ವಮಂಗಳಮ್ಮ ಚೀಲದಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದರು. ಮೊದಲ ತುತ್ತಿಗೇ ಪಟ್ಟಿ ಕೀಂ ಎಂದಿತು. ಮಾಣಿ ನಯವಾಗಿ ಬಂದು ಚಟ್ನಿಪುಡಿ ಎತ್ತಿಕೊಂಡು ಹೋದ. ಸರ್ವಮಂಗಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕಾರಿಗೆ ಮರಳಿದವರೇ ದೂರಿನ ಗುಂಡಿ ಒತ್ತಿದರು. ಪರದೆಯ ಮೇಲೆ ಖುದ್ದು ತೊರವಿಯವರೇ ಕಾಣಿಸಿಕೊಂಡರು.

"ನಾನು ಸಮುದ್ರ ನೋಡ್ಬೇಕು ಸ್ವಾಮಿ. ಇದನ್ನ ಬಿಚ್ಚಿಸಿ."

"ಬಿಚ್ಚಿದರೆ ಕಾರು ಚಲಿಸುವುದಿಲ್ಲ, ತಾಯಿ. ನಿಮ್ಮ ಮನಸ್ಸು ಶಾಂತವಾದರೆ ಅದೇ ಕರೆದೊಯ್ಯುತ್ತದೆ."

"ಶಾಂತವಾಗಿರೋಳು ಸಮುದ್ರ ಯಾಕೆ ನೋಡೋಕೆ ಬರ್ತಾಳೆ?"

ಆ ಪ್ರಶ್ನೆ ತಮ್ಮ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ ಪಂಡಿತರು ಮರೆಯಾದರು.

ಸರ್ವಮಂಗಳಮ್ಮ ಮಣಿಕಟ್ಟಿನ ಪಟ್ಟಿಯನ್ನೊಮ್ಮೆ ನೋಡಿ ಗಂಡನ ಕಡೆ ತಿರುಗಿದರು. "ರೀ, ನಿಮ್ಮ ಸೊಸೈಟಿ ಮಹಾಸಭೆ ನಡಾವಳಿ ಹೇಳ್ರಿ. ಮೊದ್ಲಿಂದ ಹೇಳ್ಬೇಕು."

ಓಂಕಾರಪ್ಪನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾದಂದಿನಿಂದ, ಎರಡನೆಯ ಠರಾವಿಗೆ ಬರುವಷ್ಟರಲ್ಲಿ ಹೆಂಡತಿ ಗೊರಕೆ ಹೊಡೆಯುತ್ತಿದ್ದರು. ಅವರು ಗಂಟಲು ಸರಿಮಾಡಿಕೊಂಡು, ಹಿಂದಿನ ಸಭೆಯ ನಡಾವಳಿ ಓದಿ ದಾಖಲಿಸಿದ್ದು, ಗೊಬ್ಬರದ ಗೋದಾಮಿನ ಬೀಗ ಬದಲಿಸಿದ್ದು, ಸೂಚಕರು, ಅನುಮೋದಕರು, ಒಂದನ್ನೂ ಬಿಡದೆ ಹೇಳತೊಡಗಿದರು. ಸರ್ವಮಂಗಳಮ್ಮನ ರೆಪ್ಪೆ ಭಾರವಾಯಿತು, ನಾಡಿ ಇಳಿಯಿತು. ಇಷ್ಟು ನಿರಾಳವಾದ ದಂಪತಿ ಭೂಮಿಯ ಮೇಲಿಲ್ಲವೆಂದು ಬಗೆದ ಕಾರು ನೇರವಾಗಿ ಕಡಲತೀರಕ್ಕೆ ಹೋಗಿ ಬಾಗಿಲು ತೆರೆಯಿತು.

ಉಪ್ಪುಗಾಳಿ ಮುಖಕ್ಕೆ ಬಡಿದದ್ದೇ ಸರ್ವಮಂಗಳಮ್ಮ ಇಳಿದು ಓಡಿದರು. ಮೊಳಕಾಲುದ್ದ ನೀರಿನಲ್ಲಿ ನಿಂತು ಅತ್ತರು, ನಕ್ಕರು. ಪಟ್ಟಿ ಕಿರುಚುತ್ತಲೇ ಇತ್ತು; ಅದನ್ನು ಕೇಳುವವರಿರಲಿಲ್ಲ. ಮೂರನೆಯ ಠರಾವು ಹೇಳುತ್ತಾ ಹಿಂದೆಯೇ ಬಂದ ಓಂಕಾರಪ್ಪ ಹೆಂಡತಿಯ ಮುಖ ಕಂಡು ಮಾತಿನ ನಡುವೆಯೇ ನಿಂತುಬಿಟ್ಟರು. ಆಗ ಅವರ ಪಟ್ಟಿಯೂ ಕೀಂ ಎಂದಿತು.

ಬಂಡೆಯಂಥ ಮನುಷ್ಯನನ್ನೂ ಕೆಡಿಸಿದ ಕಡಲು ಅಪಾಯಕಾರಿ ಎಂದು ತೊರವಿಯವರು ಅದನ್ನು ದರ್ಶನೀಯ ಸ್ಥಳಗಳಿಂದ ತೆಗೆದುಹಾಕಿದರು. ಇಷ್ಟಕ್ಕೇ ಬಿಡುವ ಜಾಣರಲ್ಲ ಅವರು. ಪಟ್ಟಿಯಲ್ಲಿ ದಾಖಲಾಗಿದ್ದ ಓಂಕಾರಪ್ಪನವರ ದನಿ ನಾಡಿ ಇಳಿಸುವುದರಲ್ಲಿ ರಾಮಬಾಣವೆಂದು ಕಂಡುಕೊಂಡು, ಪೂರ್ತಿ ಕೇಳುವ ಗೋಜಿಗೂ ಹೋಗದೆ ನಗರದ ಕಾರುಗಳಿಗೆಲ್ಲ ಹಾಕಿಸಿದರು.

ಈಗ ಮುಂಬಯಿ ನೋಡಲು ಬಂದ ದಂಪತಿಗಳೆಲ್ಲ ಚಳ್ಳಕೆರೆಯ ಗೋದಾಮಿನ ಬೀಗದ ಸಂಗತಿ ಕೇಳುತ್ತಾ ತೂಕಡಿಸುತ್ತಾರೆ. ಮೂರನೆಯ ಠರಾವಿನ ನಡುವೆ ದನಿ ಥಟ್ಟನೆ ನಿಲ್ಲುತ್ತದೆ. ಆಮೇಲೆ ಅಲೆಗಳ ಸದ್ದು, ಅದರೊಳಗೆ ಒಬ್ಬ ಹೆಂಗಸಿನ ನಗು. ಗಂಡಹೆಂಡಿರು ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತಾರೆ, ಕಾರುಗಳಲ್ಲೆಲ್ಲ ಪಟ್ಟಿಗಳು ಕೀಂ ಎನ್ನುತ್ತವೆ.