ವೆಂಡೆಲ್‌ನ ಕೈಗಡಿಯಾರ
ಡುಲುತ್‌ನಲ್ಲಿ ನಾನು ಬಿಡಿಭಾಗ ಜೋಡಿಸಿ, ಹಳೆಯ ದುಬಾರಿ ಗಡಿಯಾರಗಳ ಅಂದದಲ್ಲಿ ಕೈಗಡಿಯಾರ ಮಾಡಿಕೊಡುತ್ತೇನೆ. ಕೈ ಅಲುಗಿದರೆ ಅವು ಓಡುತ್ತವೆ. ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಲ್ಲುತ್ತವೆ. ವೆಂಡೆಲ್‌ಗೆ ಮಾಡಿಕೊಟ್ಟದ್ದನ್ನು ಅವನ ಹೆಂಡತಿ ಆರ್ಡಿತ್ ವಾಪಸು ತಂದಳು.

"ಅವ್ರು ತೀರ್ಕೊಂಡು ನಾಲ್ಕು ತಿಂಗಳಾಯ್ತು ಕಣಪ್ಪ. ಇದು ಡ್ರಾಯರಲ್ಲೇ ಬಿದ್ದಿದೆ, ಆದ್ರೂ ನಿಲ್ತಿಲ್ಲ. ಟಿಕ್ ಟಿಕ್ ಕೇಳಿ ಕೇಳಿ ಸಾಕಾಗಿದೆ. ನಿಲ್ಸಿಕೊಡು."

ಒಳಗೆ ಓಲಾಡಿ ಕೀಲಿ ಕೊಡುವ ಬಿಲ್ಲೆಯನ್ನೇ ತೆಗೆದೆ. ಸವೆದ ಪಟ್ಟಿ ಬಿಸಾಡಿ ಹೊಸ ಚರ್ಮದ ಪಟ್ಟಿ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ವಾರದ ನಂತರ ಅವಳೆದುರೇ ಬೀಗ ತೆಗೆದೆ. ಗಡಿಯಾರ ಓಡುತ್ತಿತ್ತು. ಮುಟ್ಟಿದರೆ ಮನುಷ್ಯರ ಮೈಯಷ್ಟು ಬಿಸಿ. ಯಾರೂ ಕಟ್ಟದ ಪಟ್ಟಿಯ ಒಳಮೈ ಬೆವರಿನಿಂದ ಒದ್ದೆಯಾಗಿ, ಎಲ್ಲಕ್ಕಿಂತ ಬಿಗಿಯಾದ ಕೊನೆಯ ತೂತಿನ ಹತ್ತಿರ ಮಡಿಕೆ ಬಿದ್ದಿತ್ತು.

ಆರ್ಡಿತ್ ಆ ಮಡಿಕೆಯನ್ನು ಬೆರಳಿನಿಂದ ಸವರಿದಳು.

"ಸಾಯೋವಾಗ ನಾಲ್ಕನೇ ತೂತಿಗೆ ಹಾಕ್ತಿದ್ರು," ಎಂದಳು. "ಇನ್ನೂ ಸೊರಗಿದಾರೆ."