ನೊಗದ ಮೇಲಿನ ಹೆಬ್ಬೆಟ್ಟು

ಕಾಗದದ ಕೊನೆಯಲ್ಲಿ ಅವ್ವನ ಹೆಬ್ಬೆಟ್ಟಿತ್ತು. ನಡುವೆ ಕುಡುಗೋಲು ತಾಗಿದ ಹಳೆಯ ಗಾಯದ ಗೆರೆ. ಅನ್ನಪೂರ್ಣಾಗೆ ಅದನ್ನು ಗುರುತಿಸಲು ಯಾರ ಸಹಾಯವೂ ಬೇಕಿರಲಿಲ್ಲ. ಮೇಲಿನ ಬರಹವನ್ನು ಅವಳು ಮೂರನೇ ಸಲ ಓದಿದಳು.

"ನೇಪಾಳದ ಘಟ್ಟದ ರಸ್ತೆಗೆ ಹೋಗಬಾರದೆಂಬ ಸರಕಾರದ ಸೂಚನೆಯನ್ನು ನನಗೆ ಓದಿ ಹೇಳಲಾಗಿದೆ. ಆದರೂ ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ. ಜುಲೈ ಹದಿನಾಲ್ಕು."

ಹದಿನೈದರ ಬೆಳಗ್ಗೆ ಬೈಲಹೊಂಗಲದಿಂದ ಹನ್ನೊಂದು ಯಾತ್ರಿಕರು ಹೊರಟಿದ್ದರು. ಆರನೇ ದಿನ ಗುಡ್ಡ ಕುಸಿದು ಅವರ ಗಾಡಿ ನದಿಗೆ ಬಿತ್ತು. ಒಬ್ಬರೂ ಉಳಿಯಲಿಲ್ಲ. ಅವ್ವನ, ಅಂದರೆ ದೇಗಾಂವದ ಬಾಯವ್ವನ, ಹೆಣ ಮನೆಗೆ ಬಂದದ್ದೇ ಪುಣ್ಯವೆಂದು ಊರು ಮಾತಾಡಿತು. ಇಂಥ ಪುಣ್ಯ ಹಗೆಯವರಿಗೂ ಬೇಡ.

ಎಲ್ಲಿಗೆ ಹೋಗಬೇಕೆಂದು ಆರಿಸಿದವಳು ಅನ್ನಪೂರ್ಣಾಳೇ. ರಾಮದುರ್ಗದಲ್ಲಿ ಸಾಲಿ ಟೀಚರು. ಯಾತ್ರೆಗೆ ಮೂರು ಜಾಗಗಳ ಮಾತಿತ್ತು. ಸರಕಾರ ಹೊರಡಿಸಿದ ಪ್ರಯಾಣ ಸೂಚನೆಗಳನ್ನು ಓದಿ ಎರಡನ್ನು ಹೊಡೆದು ಹಾಕಿ, ನೇಪಾಳಕ್ಕೆ ಅಡ್ಡಿಯಿಲ್ಲ ಎಂದಿದ್ದಳು. ಆದರೆ ಹದಿಮೂರರ ರವಿವಾರ ಸಂಜೆ ಸೂಚನೆ ಬದಲಾಯಿತು: ಘಟ್ಟದ ರಸ್ತೆಗೆ ಹೋಗಬೇಡಿ. ಅವ್ವನ ಹತ್ತಿರ ಫೋನಿಲ್ಲ. ಅದೇ ಊರಿನ ಸೋದರಮಾವನ ಫೋನು ಕೆಟ್ಟು ಕೂತಿತ್ತು. ಮರುದಿನ ಬೆಳಗ್ಗೆ ಅವಳು ಯಾತ್ರೆಯವರ ಆಫೀಸಿಗೇ ಫೋನು ಮಾಡಿ ಸಾಲಿಗೆ ಹೋದಳು. ತಾನೇ ಬಸ್ಸು ಹತ್ತಿ ದೇಗಾಂವಕ್ಕೆ ಹೋಗಬೇಕಿತ್ತು ಎಂಬುದು ಈಗ ಹಗಲೂ ರಾತ್ರಿ ಅವಳನ್ನು ತಿನ್ನುತ್ತಿತ್ತು.

ಬಸ್ ನಿಲ್ದಾಣದ ಎದುರಿನ ಆ ಆಫೀಸಿನಲ್ಲೇ ಈಗ ಎಲ್ಲರೂ ಕುಳಿತಿದ್ದರು. ಎಎಸ್‌ಐ ಶಿವಲಿಂಗ ಕಾಗದವನ್ನು ತಿರುಗಿಸಿ ನೋಡಿದ. ನಿವೃತ್ತಿಗೆ ಆರು ತಿಂಗಳಿದ್ದ, ಅವಸರವಿಲ್ಲದ ಮನುಷ್ಯ.

"ಫೋನ್ ಎತ್ತಿದವರು ಯಾರವ್ವಾ?"

"ನಾನ್ರಿ," ಎಂದಳು ಆಫೀಸಿನ ಮೀನಾ. "ಅಕ್ಕಾರು ಹೇಳಿದ್ದನ್ನ ಆಗಿಂದಾಗ ಸಾಹೇಬ್ರಿಗೆ ಹೇಳೇನ್ರಿ."

"ಹೇಳ್ಯಾಳ್ರಿ," ಎಂದ ಮಾಲೀಕ ಸದಾಶಿವ. ಹಣೆಯ ಮೇಲೆ ವಿಭೂತಿ, ದನಿಯಲ್ಲಿ ದುಃಖ, ಎರಡೂ ಅಚ್ಚುಕಟ್ಟು. "ಅದಕ್ಕ ಅವತ್ತs ಎಲ್ಲಾರ ಮನಿಗೂ ನಾನs ಅಡ್ಡಾಡಿದೆ. ಓದಿ ಹೇಳಿ ಹನ್ನೊಂದೂ ಮಂದಿ ಕಡೆ ಇಂಥಾ ಕಾಗದ ಮಾಡಿಸಿಕೊಂಡೆ. ಬ್ಯಾಡ ಅಂದ್ರ ಕೇಳಲಿಲ್ರಿ."

"ದೇಗಾಂವದಾಗ ಬಾಯವ್ವ ಎಲ್ಲಿ ಸಿಕ್ಕಳು? ಮನ್ಯಾಗ?"

"ಇಲ್ರಿ, ಹೊಲದಾಗ. ಆಕಿ ತಮ್ಮ ರಾಮಲಿಂಗಪ್ಪ ಕಸಾ ತಗ್ಯಾಕ ಸೋಯಾ ಸಾಲಿನಾಗ ಎಡಿ ಹೊಡ್ಯಾಕ ಹತ್ತಿದ್ದ. ಎತ್ತು ನಿಂದ್ರಿಸಿದ. ನೊಗದ ಮ್ಯಾಲೆ ಕಾಗದ ಇಟ್ಟು ಒತ್ತಿದ್ಲು. ಕೇಳ್ರಿ ಬೇಕಾರ."

ಮೂಲೆಯಲ್ಲಿದ್ದ ಮಾವ ರಾಮಲಿಂಗಪ್ಪ ತಲೆ ತಗ್ಗಿಸಿದ.

"ಖರೇನಾ?"

"ಖರೇರಿ. ನೊಗದ ಮ್ಯಾಲೇ ಒತ್ತಿದ್ಲು."

"ಯಾವತ್ತು?"

"ದಿನಾ ಯಾರು ನೆನಪ ಇಟಗೋತಾರ್ರಿ? ನನಗ ಓದಾಕ ಬರೂದಿಲ್ಲ. ಮಡಚಿದ ಕಾಗದ ಇತ್ತು, ವಿಮೆದ್ದು ಅಂದಿದ್ರು ಅಂತ ನೆನಪು."

"ಸೂಚನೆನೂ ಹೇಳೇನಿ," ಎಂದ ಸದಾಶಿವ ಮೆಲ್ಲಗೆ. "ಪಾಪ, ಇವಂಗ ಮರತೈತಿ."

ಅನ್ನಪೂರ್ಣಾ ಮತ್ತೆ ಕಾಗದದ ಕಡೆ ನೋಡಿದಳು. ಹೆಬ್ಬೆಟ್ಟು ಅವ್ವನದೇ. ನೋಡಿದವನು ಸ್ವಂತ ಮಾವ. ಹಾಗಾದರೆ ಅವ್ವ ತನ್ನ ಮಾತು ಮೀರಿ ಹೋದಳಾ?

"ಸಾಹೇಬ್ರ, ಸಾಕ್ರಿ," ಎಂದಳು. "ಅವ್ವನs ಹಟಾ ಮಾಡ್ಯಾಳ."

ಶಿವಲಿಂಗ ಏಳಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದಕ್ಕೆ ಮಡಚಿದ.

"ಸದಾಶಿವಣ್ಣಾ, ಇನ್ನೊಮ್ಮೆ ಹೇಳ್ರಿ. ಎತ್ತು ಹೂಡಿದ್ವು?"

"ಹೂಡಿದ್ವು. ಕಣ್ಣಾರೆ ನೋಡೇನಿ."

"ಹದಿನಾಲ್ಕಕ್ಕ?"

"ಹದಿನಾಲ್ಕಕ್ಕ."

"ರಾಮಲಿಂಗಪ್ಪ, ನೀವು ಸೋಮವಾರ ಎತ್ತು ಹೂಡ್ತೀರೇನು?"

ಮುದುಕ ಬೈಸಿಕೊಂಡವನಂತೆ ತಲೆಯೆತ್ತಿದ. "ಶಿವಶಿವಾ. ಏನ ಮಾತ್ರಿ ಅದು? ನಮ್ಮ ಮನಿತನದಾಗ ಸೋಮವಾರ ಬಸವಣ್ಣನ ಹೆಗಲಿಗೆ ನೊಗಾ ಇಟ್ಟವರs ಇಲ್ಲ. ಹೊಲಾ ಹಾಳು ಬಿದ್ರೂ ಅಷ್ಟs."

"ಹದಿನಾಲ್ಕು ಸೋಮವಾರ," ಎಂದ ಶಿವಲಿಂಗ.

ಹೊರಗೆ ಧಾರವಾಡದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

"ಪ್ಯಾಟ್ಯಾಗ ಹುಟ್ಟಿದವ್ರಿಗೆ ಎಲ್ಲಾ ದಿನಾನೂ ಒಂದs," ಎಂದು ಶಿವಲಿಂಗ ಮುಂದುವರಿಸಿದ. "ನೀವು ಕಂಡದ್ದು ಖರೇ, ಎತ್ತು ಖರೇ, ನೊಗಾ ಖರೇ. ದಿನಾ ಮಾತ್ರ ಸುಳ್ಳು. ರವಿವಾರ ಸಂಜಿ ಸೂಚನಾ ಬಂತು, ಮಂಗಳವಾರ ಮುಂಜಾನೆ ಗಾಡಿ ಹೊಂಟಿತು. ಓದಿ ಹೇಳೇನಿ ಅನ್ನಾಕ ನಿಮಗ ಸೋಮವಾರ ಬಿಟ್ರ ಬ್ಯಾರೆ ದಿನಾನs ಇರಲಿಲ್ಲ. ಎತ್ತು ಹೂಡಿದ್ವು ಅಂದ್ರ ಅದು ಸೂಚನಾ ಬರೂದಕ್ಕಿಂತ ಮೊದಲಿನ ಮಾತು. ವಿಮೆ ಅಂತ ಹೇಳಿ ಖಾಲಿ ಕಾಗದಕ್ಕ ಒತ್ತಿಸಿಕೊಂಡ್ರಿ. ಹೆಬ್ಬಟ್ಟಿನ ಮ್ಯಾಲೆ ನೋಡ್ರಿ, ಕಡೀ ಸಾಲು ಹೆಂಗ ಇಕ್ಕಟ್ಟಾಗೇತಿ. ಅವ್ರು ಸತ್ತ ಮ್ಯಾಲೆ ಬರದದ್ದು. ಇದೊಂದು ಸುಳ್ಳಾದ್ರ ಉಳದ ಹತ್ತೂ ಸುಳ್ಳು."

ಸದಾಶಿವನ ಕೈ ತಾನಾಗಿಯೇ ಹಣೆಗೆ ಹೋಯಿತು, ವಿಭೂತಿ ಅಳಿಸಿತು. "ಮದಲನೇ ಯಾತ್ರೆ ಇತ್ರಿ," ಎಂದ. "ನಿಲ್ಲಿಸಿದ್ರ ಮುಂದ ಯಾರೂ ನಂಬತಿರಲಿಲ್ಲ. ದಿನಾ ಎಷ್ಟೋ ಗಾಡಿ ಹೋಗ್ತಾವು, ಏನಾಗ್ತೈತಿ ಅನಕೊಂಡೆ."

"ಸೂಚನಾ ಯಾರಿಗರೆ ಹೇಳಿದ್ರಿ?"

"ಯಾರಿಗೂ ಇಲ್ರಿ."

ಕಾನ್‌ಸ್ಟೇಬಲ್ ಅವನನ್ನು ಜೀಪಿಗೆ ಹತ್ತಿಸಿದ. ಮೀನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವ್ವ ಮಾತು ಮೀರಿರಲಿಲ್ಲ. ಅನ್ನಪೂರ್ಣಾಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಆದರೂ ಒಂದು ಮಾತು ಉಳಿದಿತ್ತು.

"ಮಾವಾ, ಹೆಬ್ಬಟ್ಟು ಒತ್ತುವಾಗ ಅವ್ವ ಏನೂ ಕೇಳಲಿಲ್ಲೇನು?"

ರಾಮಲಿಂಗಪ್ಪ ಹೇಳಲೋ ಬೇಡವೋ ಎಂದು ಟವೆಲ್ಲಿನ ಅಂಚು ಹಿಂಡಿದ.

"ನಾನs ಕೇಳಿದೆ ತಂಗಿ, ಯಾರ ಕಡೆಯಿಂದರೆ ಓದಸೂಣೇನು ಅಂತ. ನಕ್ಕಳು. 'ನಮ್ಮ ಅನ್ನಪೂರ್ಣಾ ಸರಕಾರದ್ದೆಲ್ಲಾ ನೋಡಿ ಹೋಗು ಅಂದಾಳ, ಇನ್ನೇನ ಓದಸೂದೈತಿ' ಅಂದ್ಲು."